ಕರ್ಟ್ ರಾಂಟಾನ ಅಟ್ಟಣೆ

ನವೆಂಬರ್ ಹದಿಮೂರು, ಸೋಮವಾರ. ಬೆಳಗ್ಗೆ ಒಂಬತ್ತು ಗಂಟೆಗೆ ಜೋಡಿ ರಾಂಟಾ ಆಲ್ಡರ್ ಕ್ರೀಕ್ ಠಾಣೆಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಬೂಟಿಗೆ ಮೆತ್ತಿದ ಹಿಮವನ್ನೂ ಕೊಡವಿರಲಿಲ್ಲ.

"ಕರ್ಟ್‌ನ ಅಟ್ಟಣೆ ಕಡಿದು ಹಾಕಿದಾರೆ ವರ್ನಾ" ಎಂದಳು.

ಸಾರ್ಜೆಂಟ್ ವರ್ನಾ ಸಾಲ್ಮಿ ಕಾಫಿ ಲೋಟ ಕೆಳಗಿಟ್ಟಳು. ಜೋಡಿಯ ಗಂಡ ಕರ್ಟ್ ಎರಡು ವರ್ಷದ ಹಿಂದೆ ಇದೇ ಬೇಟೆಯ ಹಂಗಾಮಿನಲ್ಲಿ ಗುಂಡು ತಗುಲಿ ತೀರಿಕೊಂಡಿದ್ದ. ಅವನು ಕೂತು ಜಿಂಕೆಗೆ ಕಾಯುತ್ತಿದ್ದ ಮರದ ಅಟ್ಟಣೆ ಅಂದಿನಿಂದ ಖಾಲಿ ನಿಂತಿತ್ತು. ಊರಿನವರು ಅದರ ಹತ್ತಿರ ಹಾಯುವಾಗ ಟೋಪಿ ತೆಗೆಯುತ್ತಿದ್ದರು.

"ಯಾವಾಗ ನೋಡಿದೆ?"

"ಈಗ್ಲೇ. ಬುಧವಾರಕ್ಕೆ ಹೇಝಲ್ ಕೂತ್ಕೋಬೇಕಲ್ಲ, ಗುಡಿಸಿ ಬರೋಣ ಅಂತ ಹೋದೆ."

ನವೆಂಬರ್ ಹದಿನೈದಕ್ಕೆ ಬಂದೂಕಿನ ಹಂಗಾಮು ಶುರುವಾಗುತ್ತದೆ. ಆ ದಿನ ಶಾಲೆಗೆ ರಜೆ, ಗ್ಯಾರೇಜಿಗೆ ಬೀಗ. ಪಾದ್ರಿಯಂತೂ ಹಿಂದಿನ ಭಾನುವಾರದ ಪ್ರವಚನವನ್ನೇ ಅರ್ಧಕ್ಕೆ ಮೊಟಕುಗೊಳಿಸಿ ಬಂದೂಕು ಒರೆಸಲು ಮನೆಗೆ ಓಡುತ್ತಾನೆ. ಕರ್ಟ್‌ನ ಮಗಳು ಹೇಝಲ್‌ಗೆ ಈಗ ಹನ್ನೆರಡು ತುಂಬಿತ್ತು. ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂರುತ್ತೇನೆಂದು ಹಟ ಹಿಡಿದಿದ್ದಳು. ಜೊತೆಗೆ ದೊಡ್ಡವರೊಬ್ಬರು ಇರಬೇಕೆಂಬುದು ಕಾನೂನು. ಗೋರ್ಡಿ ಲಂಪಿ ಒಪ್ಪಿದ್ದ. ಅವನು ಕರ್ಟ್‌ನ ಬಾಲ್ಯದ ಗೆಳೆಯ.

"ಕೊಲ್ಲೋಕೂ ಅಲ್ಲ ವರ್ನಾ" ಎಂದಳು ಜೋಡಿ. "ಗುಂಡು ಹಾರಿಸ್ತೀನೋ ಇಲ್ವೋ ಗೊತ್ತಿಲ್ಲ, ಅಪ್ಪ ಏನು ನೋಡ್ತಿದ್ರೋ ಅದನ್ನ ನೋಡ್ಬೇಕು ಅಂತಾಳೆ. ಈಗ ಅವಳನ್ನ ಎಲ್ಲಿ ಕೂರಿಸ್ಲಿ?"

ವರ್ನಾ ದೂರು ದಾಖಲಿಸಿಕೊಂಡು ಎಫ್.ಐ.ಆರ್. ಪ್ರತಿಯನ್ನು ಅವಳ ಕೈಗೆ ಕೊಟ್ಟಳು. ಕಾನ್‌ಸ್ಟೆಬಲ್ ಡೇಲ್ ಪೆರಾಲಾನನ್ನು ಕರೆದುಕೊಂಡು ಹೊರಟಳು.

ಡೇಲ್‌ಗೆ ಬುಧವಾರದ ರಜೆಯದೇ ಚಿಂತೆ. ದಾರಿಯಲ್ಲೇ ಕೇಸು ಮುಗಿಸಿಬಿಟ್ಟ. "ಇನ್ಯಾರು ಸಾರ್ಜೆಂಟ್, ಆ ಕೊರಿನ್ ಆಶ್ಬಿ. ಜಿಂಕೆಗೆ ಸೇಬು ಹಾಕಿ ಸಾಕೋಳು. ಊರೆಲ್ಲಾ ಅದೇ ಮಾತು."

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಊರು ಇದು. ಬಾಯಿ ಮುಚ್ಕೊಂಡು ಗಾಡಿ ಓಡಿಸು."

ಸ್ಥಳದ ಪಂಚನಾಮೆ ಹತ್ತೂವರೆಗೆ ಶುರುವಾಯಿತು. ಅಟ್ಟಣೆಯ ನಾಲ್ಕು ಸೀಡರ್ ಕಂಬಗಳನ್ನು ಮೋಟಾರ್ ಗರಗಸದಿಂದ ನೆಲಕ್ಕೆ ಸಮನಾಗಿ ಕತ್ತರಿಸಲಾಗಿತ್ತು. ಉಳಿದ ಮೋಟುಗಳಿಗೆ ಯಾರೂ ಎಡವದ ಹಾಗೆ ಮಣ್ಣು ಮುಚ್ಚಲಾಗಿತ್ತು. ತುಂಡುಗಳನ್ನು ಒಲೆಯ ಅಳತೆಗೆ ಕೊಯ್ದು, ಗಾಳಿಯಾಡಲೆಂದು ಅಡ್ಡಡ್ಡ ಜೋಡಿಸಿ ಒಟ್ಟಿದ್ದರು. ಒಂದು ಹಲಗೆಯನ್ನು ಮಾತ್ರ ಕೊಯ್ದಿರಲಿಲ್ಲ. ಅದು ಕೂರುವ ಹಲಗೆ, ಅಂಚಿನಲ್ಲಿ ಕರ್ಟ್ ತನ್ನ ಹೆಸರು ಕೊರೆದಿದ್ದ. ಅದನ್ನು ಟಾರ್ಪಾಲಿನಲ್ಲಿ ಸುತ್ತಿ ಮರದಡಿ ಒಣಜಾಗದಲ್ಲಿ ಒರಗಿಸಿದ್ದರು.

"ಹಗೆ ತೀರಿಸ್ಕೊಳ್ಳೋಕೆ ಬಂದೋನು ಸೌದೆ ಒಟ್ಟಿ ಹೋಗ್ತಾನೇನೋ?" ಎಂದಳು ವರ್ನಾ. ಡೇಲ್ ಅಳತೆಯ ಟೇಪು ಸುತ್ತತೊಡಗಿದ.

ಅಲ್ಲಿಂದ ಮೂವತ್ತು ಹೆಜ್ಜೆ ಆಚೆ ಪೊದೆಗಳಿದ್ದವು. ವರ್ನಾ ಅತ್ತ ನೋಡಲಿಲ್ಲ. ಎರಡು ವರ್ಷದ ಹಿಂದಿನ ಪಂಚನಾಮೆ ಬರೆದವಳೂ ಅವಳೇ. ಸಂಜೆಯ ಮಬ್ಬು, ಪೊದೆಯಲ್ಲಿ ಏನೋ ಅಲುಗಿತು, ಹೆಣ್ಣುಜಿಂಕೆ ಎಂದುಕೊಂಡು ಗೋರ್ಡಿ ಗುಂಡು ಹಾರಿಸಿದ. ಅಲ್ಲಿದ್ದವನು ಕರ್ಟ್. ಬೇಟೆಗಾರರು ಒಬ್ಬರಿಗೊಬ್ಬರು ಕಾಣಲೆಂದು ತೊಡಲೇಬೇಕಾದ ಕಿತ್ತಳೆ ಬಣ್ಣದ ಅಂಗಿಯನ್ನು ಅಟ್ಟಣೆಯ ಮೇಲೇ ಬಿಟ್ಟು ಕೆಳಗಿಳಿದಿದ್ದ. ತಪ್ಪು ಇಬ್ಬರದೂ ಎಂದು ಊರು ತೀರ್ಮಾನಿಸಿತು. ಸರ್ಕಾರಿ ವಕೀಲರು ಅಪಘಾತವೆಂದು ಕಡತ ಮುಚ್ಚಿದರು.

ಮಧ್ಯಾಹ್ನ ಕೊರಿನ್ ಆಶ್ಬಿಯ ವಿಚಾರಣೆ. ಷಿಕಾಗೋದಿಂದ ಬಂದು ನೆಲೆಸಿದ ನಿವೃತ್ತ ಶಿಕ್ಷಕಿ. ಕಾಡಿನಂಚಿನ ಮನೆ, ಬೇಲಿಗೆಲ್ಲ 'ಬೇಟೆ ನಿಷಿದ್ಧ' ಫಲಕ.

"ಮೋಟಾರ್ ಗರಗಸ ಇದ್ಯಾ?"

"ನನ್ಗೆ ಉಪ್ಪಿನಕಾಯಿ ಬಾಟ್ಲಿ ತೆಗೆಯೋಕೇ ಆಗಲ್ಲ ತಾಯಿ."

"ಬೇಟೆಯವರ ಮೇಲೆ ಸಿಟ್ಟು?"

"ಇತ್ತು. ಹೋದ್ವರ್ಷ ಗಾಯ ಆದ ಜಿಂಕೆ ನನ್ನ ಅಂಗಳದಲ್ಲಿ ಬಿದ್ದು ಒದ್ದಾಡ್ತಿತ್ತು. ಅದರ ಸಂಕಟ ಮುಗಿಸಿ ಅಂತ ನಾನೇ ಒಬ್ಬ ಬೇಟೆಗಾರನ್ನ ಕೂಗಿ ಕರ್ದೆ. ಅವ್ನು ಟೋಪಿ ತೆಗ್ದು, ಕ್ಷಮಿಸು ಅಂತ ಅದಕ್ಕೇ ಹೇಳಿ ಗುಂಡು ಹೊಡ್ದ. ಅವತ್ತಿಂದ ಯಾರ ಮೇಲೆ ಸಿಟ್ಟು ಮಾಡ್ಕೋಬೇಕೋ ಗೊತ್ತಾಗ್ತಿಲ್ಲ."

"ಗರಗಸದ ಸದ್ದು ಕೇಳಿಸ್ತಾ?"

"ನಿನ್ನೆ. ಎಲ್ರೂ ಚರ್ಚಲ್ಲಿದ್ದಾಗ. ಸ್ವಲ್ಪ ಹೊತ್ತು ಕೊಯ್ಯೋರು, ಬಹಳ ಹೊತ್ತು ನಿಲ್ಲಿಸೋರು. ವಯಸ್ಸಾದೋರು ಯಾರೋ ಸುಸ್ತಾಗಿ ಕೂತ್ಕೋತಿದಾರೆ ಅಂದ್ಕೊಂಡೆ."

ವರ್ನಾ ಮತ್ತೆ ಸ್ಥಳಕ್ಕೆ ಹೋದಳು. ಈ ಸಲ ತುಂಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಕೊಯ್ಯುವ ಮೊದಲು ಬೋಲ್ಟುಗಳನ್ನು ಬಿಚ್ಚಿ ತೆಗೆದಿದ್ದರು. ಆ ಬೋಲ್ಟುಗಳೇನು ಕಣ್ಣಿಗೆ ಕಾಣುವ ಹಾಗಿರಲಿಲ್ಲ. ತುಕ್ಕು ಹಿಡಿಯದಿರಲೆಂದು ಕಟ್ಟಿದವರು ಅವನ್ನು ಒಳಗೆ ಹುದುಗಿಸಿ, ಮೇಲೆ ಅದೇ ಮರದ ಬಿರಡೆ ಬಡಿದು, ಉಜ್ಜಿ ನುಣುಪು ಮಾಡಿದ್ದರು. ಕೈಯಾಡಿಸಿದರೂ ಸಿಗುವಂತಿರಲಿಲ್ಲ. ಆದರೂ ಬಿಚ್ಚಿದವನು ಎಲ್ಲಿಯೂ ತಡಕಾಡಿರಲಿಲ್ಲ. ಒಂದು ತಪ್ಪು ತೂತೂ ಇರಲಿಲ್ಲ.

ಅಲ್ಲಿಂದಲೇ ಜೋಡಿಗೆ ಫೋನ್ ಮಾಡಿದಳು. "ಅಟ್ಟಣೆ ಕಟ್ಟಿದ್ದು ಯಾರು?"

"ಕರ್ಟ್ ಮತ್ತೆ ಗೋರ್ಡಿ. ಮದುವೆಗೂ ಮುಂಚೆ. ಇನ್ಯಾರನ್ನೂ ಹತ್ರಕ್ಕೆ ಬಿಟ್ಕೊಂಡಿರ್ಲಿಲ್ಲ." ಜೋಡಿ ಫೋನ್ ಇಟ್ಟುಬಿಟ್ಟಳು. ಕಟ್ಟಿದವರಲ್ಲಿ ಒಬ್ಬ ಸ್ಮಶಾನದಲ್ಲಿದ್ದ.

ಸಂಜೆ ನಾಲ್ಕಕ್ಕೆ ಗೋರ್ಡಿ ಲಂಪಿ ತನ್ನ ಶೆಡ್ಡಿನಲ್ಲಿ ದೋಣಿಯ ಎಂಜಿನ್ ಬಿಚ್ಚಿಕೊಂಡು ಕೂತಿದ್ದ. ನಲವತ್ತೊಂದರ ಆಳು, ಅರವತ್ತರವನ ಹಾಗೆ ಬಾಗಿದ್ದ.

"ನಿನ್ನೆ ಬೆಳಗ್ಗೆ ಎಲ್ಲಿದ್ದೆ ಗೋರ್ಡಿ?"

"ಚರ್ಚಿಗೆ ಹೋಗಿರ್ಲಿಲ್ಲ."

"ನಾನು ಕೇಳಿದ್ದು ಅದಲ್ಲ."

"ಅಟ್ಟಣೆ ಹತ್ರ."

"ಗರಗಸ?"

"ಅಲ್ಲಿದೆ. ಒರೆಸಿಲ್ಲ, ಹಂಗೇ ಇಟ್ಟಿದೀನಿ." ಅವನು ಎದ್ದು ಎರಡೂ ಕೈ ಮುಂದೆ ಚಾಚಿದ. "ಕೋಳ ಹಾಕಿ."

"ಎಲ್ಲಿಗೆ ಓಡಿಹೋಗ್ತೀಯ ನೀನು? ಬೇಡ, ಗಾಡಿ ಹತ್ತು."

"ಹಾಕಿ ವರ್ನಾ. ಹೋದ್ಸಲ ನೀವು ಹಾಕ್ಲಿಲ್ಲ."

ಹೋದ ಸಲ ವರ್ನಾ ಅವನ ಹೆಗಲ ಮೇಲೆ ಕೈಯಿಟ್ಟು ಮನೆಗೆ ಬಿಟ್ಟು ಬಂದಿದ್ದಳು, ಒಳ್ಳೆಯದೇ ಮಾಡಿದೆ ಎಂದುಕೊಂಡಿದ್ದಳು. ಈಗ ಕೋಳ ಹಾಕಿದಳು.

ಠಾಣೆಯಲ್ಲಿ ಹೇಳಿಕೆ ಕೊಡುವಾಗ ಅವನು ಯಾವುದನ್ನೂ ಮುಚ್ಚಿಡಲಿಲ್ಲ.

"ಕರ್ಟ್ ಸತ್ತ ಮೂರನೇ ದಿನಕ್ಕೆ ಜೋಡಿ ನನ್ಗೆ ಊಟ ಕಳಿಸಿದ್ಲು. ನನ್ಗೆ. ಊರವ್ರು ಬೆನ್ನು ತಟ್ಟಿದ್ರು. ಮಾರನೇ ವರ್ಷ ಬಲವಂತ ಮಾಡಿ ಬೇಟೆಗೆ ಕರ್ಕೊಂಡು ಹೋದ್ರು, ಬರ್ದೇ ಇದ್ರೆ ನಮ್ಮನ್ನ ದೂರ ಮಾಡ್ದಂಗೆ ಅಂದ್ರು. ಗುಂಡು ತುಂಬ್ದೆ ಬಂದೂಕು ಹಿಡ್ಕೊಂಡು ಕೂತಿದ್ದೆ. ಈಗ ಜೋಡಿ, ಹೇಝಲ್‌ಗೆ ಕಲಿಸ್ಕೊಡು ಅಂದ್ಲು. ಆ ಅಟ್ಟಣೆ ಮೇಲಿಂದ ಆ ಪೊದೆ ಕಾಣ್ಸುತ್ತೆ ವರ್ನಾ. ಮಗು ಪಕ್ಕದಲ್ಲಿ ಕೂತ್ಕೊಂಡು ನಾನು ಅದನ್ನ ನೋಡ್ಬೇಕಿತ್ತು."

"ಆಗಲ್ಲ ಅಂತ ಹೇಳೋಕೇನಾಗಿತ್ತು?"

"ಯಾವ ಬಾಯಲ್ಲಿ ಹೇಳ್ಲಿ?"

ಮರುದಿನ ಹದಿನಾಲ್ಕರ ಮಧ್ಯಾಹ್ನ ಜೋಡಿ ಬಂದಳು. ಮುಖ ಬಿಳಿಚಿಕೊಂಡಿತ್ತು. "ದೂರು ವಾಪಸ್ ತಗೋತೀನಿ" ಎಂದಳು. "ಪಾಪ, ಅವ್ನು ಮೊದ್ಲೇ ನೊಂದಿರೋನು. ಅದನ್ನೇ ಹೊಟ್ಟೆಗೆ ಹಾಕ್ಕೊಂಡಿದೀನಿ, ಇದ್ಯಾವ ಲೆಕ್ಕ."

ಪೊಲೀಸಿನವಳಾಗಿ ವರ್ನಾ ಅಷ್ಟಕ್ಕೆ ಕಡತ ಮುಚ್ಚಬಹುದಿತ್ತು. ಮೇಲಿನವರೂ ಸಂತೋಷಪಡುತ್ತಿದ್ದರು.

"ವಾಪಸ್ ತಗೋ, ನಿನ್ನಿಷ್ಟ" ಎಂದಳು. "ಆದ್ರೆ ಅವನೆದುರು ನಿಂತು ಹೇಳಿ ಆಮೇಲೆ ತಗೋ."

ಜೋಡಿ ಲಾಕಪ್ಪಿನ ಕಂಬಿಯ ಮುಂದೆ ಹೋಗಿ ನಿಂತಳು. ಗೋರ್ಡಿ ತಲೆ ಎತ್ತಲಿಲ್ಲ.

"ಪರವಾಗಿಲ್ಲ ಗೋರ್ಡಿ..." ಎಂದು ಶುರು ಮಾಡಿದಳು. ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡಳು. "ಹೇಝಲ್ ರಾತ್ರಿಯೆಲ್ಲಾ ಅತ್ತಿದಾಳೆ. ಅಪ್ಪಂದು ಅಂತ ಉಳಿದಿದ್ದು ಅದೊಂದೇ ಜಾಗ ಅವಳಿಗೆ. ಅದನ್ನೂ ನೀನೇ ತಗೊಂಡ್ಯಲ್ಲೋ."

"ಹೂಂ."

"ಪರವಾಗಿಲ್ಲ ಪರವಾಗಿಲ್ಲ ಅಂದು ಅಂದು ನನ್ನ ನಾಲಿಗೆ ಸವೆದುಹೋಯ್ತು. ನಾನು ನಿನ್ನ ಕ್ಷಮಿಸೇ ಇಲ್ಲ ಗೋರ್ಡಿ. ಕ್ಷಮಿಸ್ದೆ ಅಂತ ಬಾಯಲ್ಲಿ ಅಂದಿದ್ದೆ. ನಿನ್ನ ನೋಡಿದಾಗೆಲ್ಲ, ಇವ್ನು ಮನೆಗೆ ಬಂದ, ಅವ್ನು ಬರ್ಲಿಲ್ಲ ಅನ್ಸುತ್ತೆ. ಎರಡು ವರ್ಷದಿಂದ ಅದೊಂದೇ ಅನ್ಸುತ್ತೆ."

ಗೋರ್ಡಿ ಆಗ ತಲೆ ಎತ್ತಿದ. ಎರಡು ವರ್ಷದಲ್ಲಿ ಮೊದಲ ಸಲ ಅವಳ ಕಣ್ಣನ್ನು ನೆಟ್ಟಗೆ ನೋಡಿದ. "ನನ್ಗೂ ಗೊತ್ತಿತ್ತು" ಎಂದ. "ಯಾರಾದ್ರೂ ಹೇಳ್ಲಿ ಅಂತ ಕಾಯ್ತಿದ್ದೆ."

ಇಬ್ಬರೂ ಅತ್ತರು. ಡೇಲ್ ಏನೋ ನೆಪ ಹೇಳಿ ಹೊರಗೆ ಹೋದ. ವರ್ನಾಳೂ ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡಳು.

ಬಹಳ ಹೊತ್ತಾದ ಮೇಲೆ ಜೋಡಿ ಹಿಂದಿರುಗಿ ಬಂದು ಮೇಜಿನ ಮುಂದೆ ನಿಂತಳು. "ದೂರು ಇರ್ಲಿ" ಎಂದಳು. "ನ್ಯಾಯಾಧೀಶ್ರು ಏನು ಕೊಡ್ತಾರೋ ಕೊಡ್ಲಿ." ಕೋಟಿನ ಗುಂಡಿ ಹಾಕಿಕೊಂಡು ಹೊರಟುಹೋದಳು.

ಸಂಜೆ ವರ್ನಾ ಬಂಧನದ ವರದಿ ಬರೆದಳು. ಸ್ವತ್ತಿಗೆ ಹಾನಿ, ಆರೋಪಿಯ ತಪ್ಪೊಪ್ಪಿಗೆ, ಗರಗಸ ವಶ. ಕೃತ್ಯಕ್ಕೆ ಕಾರಣ ಎಂಬಲ್ಲಿ ಬಂದು ಪೆನ್ನು ನಿಂತಿತು. ದ್ವೇಷ ಎಂದು ಬರೆಯುವಂತಿರಲಿಲ್ಲ, ಲಾಭ ಎಂದೂ ಅಲ್ಲ. ಕೊನೆಗೆ, 'ಆಗುವುದಿಲ್ಲ ಎನ್ನಲು ಆರೋಪಿಗೆ ಆಗಲಿಲ್ಲ' ಎಂದಷ್ಟೇ ಬರೆದು ಸಹಿ ಹಾಕಿದಳು.

ಹೊರಗೆ ರಸ್ತೆಯಲ್ಲಿ ಕಿತ್ತಳೆ ಅಂಗಿಯವರ ಗಾಡಿಗಳು ಒಂದರ ಹಿಂದೊಂದು ಕಾಡಿನ ಕಡೆ ಹೋಗುತ್ತಿದ್ದವು.

"ವರ್ನಾ" ಎಂದು ಕರೆದ ಗೋರ್ಡಿ. "ಹೇಝಲ್‌ಗೆ ಗೊತ್ತಾಯ್ತಾ, ನಾನು ಅಂತ?"

"ಅವಳಮ್ಮ ಈಗ ಮನೆಗೆ ಹೋಗಿರೋದೇ ಅದನ್ನ ಹೇಳೋಕೆ."

"ಅಪಘಾತ ಅಂತ ಹೇಳಲ್ಲ ತಾನೆ?"

"ಇಲ್ಲ. ನೀನೇ ಬೇಕಂತ ಕಡ್ದೆ ಅಂತಾನೇ ಹೇಳ್ತಾಳೆ."

ಗೋರ್ಡಿ ತಲೆಯಾಡಿಸಿದ. ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಮಲಗಿಕೊಂಡ.