ಸೇತುವೆಯ ಹಳದಿ ಗೆರೆ

"ಮಕ್ಕಳನ್ನ ನೋಡ್ಕೊಳ್ಳೋ ಯೋಗ್ಯತೆ ಇಲ್ದಿದ್ರೆ ಮೈದಾನದಲ್ಲಿ ಶಿಳ್ಳೆ ಊದ್ಕೊಂಡು ಬಿದ್ದಿರ್ಬೇಕು. ಈ ಸೇತುವೆ ಮೇಲೆ ಕಾಲಿಡಬಾರ್ದು."

ಸೇತುವೆಯ ಮೇಲೆ ನಿಂತಿದ್ದ ಅಪ್ಪ-ಅಮ್ಮಂದಿರು, ಎರಡೂ ಕಡೆಯ ಕಾವಲಿನವರು, ಬಸ್ಸಿನ ಡ್ರೈವರು, ಚೀಲ ಹೊತ್ತ ಮಕ್ಕಳು... ಎಲ್ಲರಿಗೂ ಕೇಳಿಸಿತು.

ಬೈದವಳು ಮಕ್ಕಳನ್ನು ವಾಪಸ್ ಕರೆದೊಯ್ಯಲು ಬಂದಿದ್ದ ಈಚೆ ದೇಶದವಳು. ಬೈಸಿಕೊಂಡವನು ಆಚೆ ದೇಶದ ಡ್ರಿಲ್ ಮೇಷ್ಟ್ರು.

ಅವನಿಗೆ ಸಿಟ್ಟು ಬರಲಿಲ್ಲ. ನಿದ್ದೆಗೆಟ್ಟು ಕೆಂಪಾಗಿದ್ದ ಕಣ್ಣು ಒಮ್ಮೆ ಅವಳತ್ತ ಎದ್ದು ಇಳಿಯಿತು.

"ಎಲ್ಲ ಮಕ್ಕಳೂ ಇದಾರೆ ಮೇಡಂ. ಎಣಿಸ್ಕೊಳ್ಳಿ."

ಮೇಡಂ...

ಅದು ಅವಳಿಗೆ ಚುಚ್ಚಿತು. ಎಲ್ಲರ ಪಾಸ್‌ಪೋರ್ಟೂ ಅವಳ ಬಟ್ಟೆಚೀಲದಲ್ಲೇ ಇರುತ್ತಿದ್ದರಿಂದ ಮಕ್ಕಳು ಅವಳನ್ನು 'ಪಾಸ್‌ಪೋರ್ಟ್ ಅಕ್ಕ' ಅನ್ನುತ್ತಿದ್ದರು. ಅವನು ಮಾತ್ರ 'ಅಕ್ಕ'ನನ್ನು ಜಾಣತನದಿಂದ ನುಂಗಿ ಬರೀ 'ಪಾಸ್‌ಪೋರ್ಟು' ಅನ್ನುತ್ತಿದ್ದ.

ನೆರೆಯ ಎರಡು ದೇಶಗಳ ಶಾಲೆಗಳ ಮಕ್ಕಳನ್ನು ಅದಲುಬದಲು ಮಾಡಿಸುವ ಸಂಸ್ಥೆಯೊಂದರಲ್ಲಿ ಅವಳ ಕೆಲಸ. ಈಚೆಯ ಮಗು ಆಚೆಯ ಮನೆಯಲ್ಲಿ ಕೆಲವು ದಿನ, ಆಚೆಯದು ಈಚೆ. ಭಾಷೆ ಒಂದೇ, ಎಳೆಯುವ ರಾಗ ಬೇರೆ. ಮಕ್ಕಳನ್ನು ಒಪ್ಪಿಸಲು ಬಂದವರು ಸೇತುವೆಯ ನಡುವಿನ ಹಳದಿ ಗೆರೆ ದಾಟುವಂತಿಲ್ಲ. ಅಲ್ಲಿಂದಾಚೆ ಮಕ್ಕಳು ತಾವೇ ನಡೆದು ಹೋಗಬೇಕು.

ಇಬ್ಬರ ಪರಿಚಯವೆಲ್ಲ ಬೆಳೆದದ್ದು ಆ ಗೆರೆಯ ಆಚೆಈಚೆ ನಿಂತೇ. "ಈ ಪೋರ ರಾತ್ರಿ ಅಳ್ತಾನೆ, ದೀಪ ಆರಿಸ್ಬೇಡಿ." "ಆ ಹುಡುಗಿ ಹಸಿವಾದ್ರೂ ಬಾಯಿ ಬಿಡಲ್ಲ, ನೀವೇ ಕೇಳಿ." ಊರವರ ಮಕ್ಕಳ ಸುದ್ದಿ ಹೇಳುತ್ತ ಹೇಳುತ್ತ ಅವನ ಅಮ್ಮನ ಮಂಡಿನೋವು ಬಂತು, ಅವಳ ಅಪ್ಪನ ಸಾವು ಬಂತು. ಅದಕ್ಕೆ ಪ್ರೀತಿ ಅಂತ ಹೆಸರಿಡಲು ಇಬ್ಬರಿಗೂ ಪುರುಸೊತ್ತಿರಲಿಲ್ಲ.

"ಊರ ಮಕ್ಕಳನ್ನೆಲ್ಲ ಗಡಿ ದಾಟಿಸ್ತೀಯ. ನಿನ್ನನ್ನ ದಾಟಿಸೋರು ಯಾರೇ?" ಎಂದು ಅವಳ ಅಮ್ಮ ಕೇಳಿದಾಗೆಲ್ಲ, "ನಂಗೆ ಲಗೇಜ್ ಜಾಸ್ತಿ ಅಮ್ಮ" ಎಂದು ನಕ್ಕು ಮಲಗಿಬಿಡುತ್ತಿದ್ದಳು. ಅಷ್ಟು ಸುಸ್ತು.

ಈ ಸಲ ಎಡವಟ್ಟಾಯಿತು. ಒಬ್ಬ ಹುಡುಗಿಯ ತಾಯಿ ಮಗಳು ಉಳಿದುಕೊಂಡ ಮನೆಗೆ ಥ್ಯಾಂಕ್ಸ್ ಹೇಳಲು ಫೋನ್ ಮಾಡಿದಳು. "ನಿಮ್ಮ ಮಗಳು ನಮ್ಮನೆಗೆ ಬಂದೇ ಇಲ್ವಲ್ಲ" ಅಂದರು ಆಚೆಯವರು. ತಾಯಿ ಮುಂದಿನದು ಕೇಳದೆ ಫೋನ್ ಕುಕ್ಕಿ ಸೇತುವೆಗೆ ಓಡಿ ಬಂದಳು. "ಯಾರದು ತಪ್ಪು? ಈಗಲೇ ಹೇಳ್ಬೇಕು," ಎಂದು ಸಂಸ್ಥೆಯ ಕಾರ್ಯದರ್ಶಿ ಪಾಸ್‌ಪೋರ್ಟ್ ಅಕ್ಕನ ನೆತ್ತಿಯ ಮೇಲೆ ಕೂತ. ಅವಳ ಬಾಯಿಂದ ಬಂದದ್ದು ಆ ಮಾತು.

ಮಕ್ಕಳನ್ನು ಎಣಿಸಿಕೊಂಡು ಬಸ್ಸಿಗೆ ಹತ್ತಿಸಿದ ಮೇಲೆ ಅದೇ ಹುಡುಗಿ ಬಂದು ಪಕ್ಕದಲ್ಲಿ ಕೂತಿತು.

"ಅಕ್ಕಾ, ಮೇಷ್ಟ್ರಿಗೆ ಯಾಕೆ ಬೈದ್ರಿ?"

"ನಿನ್ನನ್ನ ಎಲ್ಲೋ ಬಿಟ್ಟಿದ್ರಲ್ಲ ಪುಟ್ಟಾ."

"ಎಲ್ಲೋ ಅಲ್ಲ, ಅವರ ಮನೇಲೇ. ನಾವು ಹೋದಾಗ ಆ ಮನೆಗೆ ಬೀಗ ಹಾಕಿತ್ತು. ಮೇಷ್ಟ್ರ ಅಮ್ಮ ನಂಗೆ ಮಂಚ ಕೊಟ್ರು, ದಿನಾ ಜಡೆ ಹಾಕಿದ್ರು. ಮೇಷ್ಟ್ರು ಜಗಲಿ ಮೇಲೆ ಮಲಗ್ತಿದ್ರು. ಸೊಳ್ಳೆ ಹೊಡೆಯೋ ಸದ್ದು ಒಳಗಡೆಗೂ ಕೇಳ್ತಿತ್ತು." ಹುಡುಗಿ ದನಿ ಇಳಿಸಿತು. "ಯಾರಿಗೂ ಹೇಳ್ಬೇಡ, ಅಕ್ಕನ ಕೆಲಸ ಹೋಗುತ್ತೆ ಅಂದಿದ್ರು. ನಾನು ಹೇಳ್ಬಿಟ್ನಾ?"

ಅವಳು ಆ ಮನೆಗೆ ತಾನೇ ಫೋನ್ ಮಾಡಿದಳು.

"ಅಲ್ಲಮ್ಮಾ, ನೀವೇ ತಾನೆ ಮುಂದಿನ ವಾರ ಅಂದಿದ್ದು?" ಅಂದರು ಮನೆಯಾಕೆ. "ನಾವು ತಂಗಿ ಮನೆಗೆ ಹೋಗಿದ್ವಿ."

ಈ ದೇಶದ ರಜೆ ಅಂದರೆ ಆ ದೇಶದ ಪರೀಕ್ಷೆ. ಹಾಗಾಗಿ ಪ್ರವಾಸ ಒಂದು ವಾರ ಮೊದಲೇ ಹೊರಟಿತ್ತು. ಎಲ್ಲ ಮನೆಗೂ ಹೊಸ ದಿನ ಹೇಳಿದ್ದಳು. ಕೊನೆ ಗಳಿಗೆಯಲ್ಲಿ ಸೇರಿಸಿಕೊಂಡ ಈ ಒಂದು ಮನೆಗೆ ಮಾತ್ರ, ನಿದ್ದೆಗಣ್ಣಲ್ಲಿ, ಹಳೆಯ ದಿನ.

*ಅಯ್ಯೋ... ನಾನು ಬೈದಿದ್ದು ಯಾರಿಗೆ?*

ಅಷ್ಟರಲ್ಲಿ ಕಾರ್ಯದರ್ಶಿ ಆಚೆಯ ಶಾಲೆಗೆ ದೂರು ಕೊಟ್ಟಾಗಿತ್ತು. ಮೇಷ್ಟ್ರನ್ನು ಕೆಲಸದಿಂದ ತೆಗೆಯುವ ಬಗ್ಗೆ ಅಲ್ಲೇ ಸಭೆ. ಮೇಜಿನ ಹಿಂದೆ ಕೂತವರಿಗೆ ಇಂಥದಕ್ಕೆಲ್ಲ ಯಾವತ್ತೂ ಸುಸ್ತಾಗುವುದಿಲ್ಲ. ಸುಸ್ತೆಲ್ಲ ಮೇಜಿನ ಮುಂದೆ ನಿಂತವರ ಪಾಲಿಗೆ.

"ಫೋನಲ್ಲೇ ಸಾರಿ ಕೇಳೇ," ಅಂದಳು ಅಮ್ಮ. "ಯಾರಿಗೂ ಗೊತ್ತಾಗಲ್ಲ."

"ಬೀದೀಲಿ ಬೈದು ಮೂಲೇಲಿ ಕ್ಷಮೆ ಕೇಳೋದಾ ಅಮ್ಮ?"

ಸಭೆಯ ದಿನ ತನ್ನದೇ ಪಾಸ್‌ಪೋರ್ಟು ಹಿಡಿದು ಮೊದಲ ಸಲ ಹಳದಿ ಗೆರೆ ದಾಟಿದಳು.

ಶಾಲೆಯ ಸಭಾಂಗಣದಲ್ಲಿ ಸೇತುವೆಯ ಮೇಲಿದ್ದ ಮುಖಗಳೇ ಇದ್ದವು. ಅವನು ಗೋಡೆಗೆ ಒರಗಿ ನಿಂತಿದ್ದ. ಅವಳನ್ನು ಕಂಡು ನೆಟ್ಟಗಾದ.

"ತಪ್ಪು ನಂದು," ಅಂದಳು. "ಆ ಮನೆಗೆ ಹಳೇ ದಿನ ಹೇಳಿದ್ದು ನಾನು. ಬೀಗ ಹಾಕಿದ ಮನೆ ಮುಂದೆ ನಿಂತ ಮಗೂನ ಇವರು ತಮ್ಮ ಮನೆಗೆ ಕರ್ಕೊಂಡು ಹೋದ್ರು. ಯೋಗ್ಯತೆ ಇಲ್ಲ ಅಂದಿದ್ದೆ. ಯೋಗ್ಯತೆ ಇಲ್ದೇ ಇದ್ದದ್ದು ನನ್ನ ನಾಲಿಗೆಗೆ."

"ಕೂತ್ಕೋಮ್ಮ," ಕಾರ್ಯದರ್ಶಿ ಹಲ್ಲು ಕಚ್ಚಿ ಗುರುಗುಟ್ಟಿದ. "ಕೆಲಸ ಬೇಡ್ವಾ ನಿಂಗೆ?"

"ಬೇಕು ಸರ್. ಇವರ ಕೆಲಸ ತಿಂದು ಉಳಿಸ್ಕೊಳ್ಳೋಷ್ಟು ಬೇಡ."

ಹುಡುಗಿಯ ತಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. ಅವನ ಕೆಲಸ ಉಳಿಯಿತು. ಅವಳದು ಅಲ್ಲೇ ಹೋಯಿತು.

ಶಾಲೆಯ ಗೇಟಿನ ಹತ್ತಿರ ಅವನು ಕಾಯುತ್ತಿದ್ದ. ಅವಳು ಚೀಲ ನೆಲಕ್ಕಿಟ್ಟಳು. ಹೊರಲು ತ್ರಾಣವಿರಲಿಲ್ಲ.

"ಯಾಕ್ ಹೇಳಿದ್ರಿ?" ಅವನ ದನಿಯಲ್ಲಿ ನೋವಿತ್ತು. "ನಾನು ಸೊಳ್ಳೆ ಕೈಲಿ ಕಚ್ಚಿಸ್ಕೊಂಡಿದ್ದೆಲ್ಲ ದಂಡ ಆಯ್ತಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. "ನೀವ್ಯಾಕೆ ಮುಚ್ಚಿಟ್ರಿ? ಒಂದು ಫೋನ್ ಮಾಡಿದ್ರೆ ಆಗ್ತಿತ್ತು."

"ಮಕ್ಕಳನ್ನ ಕಳಿಸಿದ ದಿನ ಗೆರೆ ಹತ್ರ ನಿಂತಲ್ಲೇ ತೂಕಡಿಸ್ತಿದ್ರಿ. ಇನ್ನೊಂದು ಬೈಗುಳ ತಡ್ಕೊಳ್ಳೋ ಹಾಗೆ ಕಾಣ್ಲಿಲ್ಲ."

*ಯಾರಾದ್ರೂ ನನ್ನ ಸುಸ್ತನ್ನ ನೋಡಿದ್ರಾ ಹಾಗಾದ್ರೆ... ಇಷ್ಟು ವರ್ಷದಲ್ಲಿ?*

ಅವಳು ಕಣ್ಣೊರೆಸಿಕೊಂಡಳು. "ನಾನು ಸೇತುವೆಗೆ ಬರ್ತಿದ್ದಿದ್ದು ಬರೀ ಮಕ್ಕಳಿಗೋಸ್ಕರ ಅಲ್ಲ. ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ನೀವು ಹೇಳ್ಲಿ ಅಂತ ಸುಮ್ನಿದ್ದೆ. ನಾನೂ ಹೇಡೀನೇ."

"ಅರ್ಧಕ್ಕೆ ಬಂದು ವಾಪಸ್ ಹೋಗೋದು ಸಾಕಾಗಿದೆ ನಂಗೆ." ಅವಳ ದನಿ ತಗ್ಗಿತು. "ನಿಮ್ಮ ಅಮ್ಮ ಇರೋ ಮನೇಲಿ ನಂಗೊಂದು ಜಾಗ ಇದ್ಯಾ? ನೆಂಟಳಾಗಿ ಅಲ್ಲ."

ಗೇಟಿನಾಚೆ ಬಲಕ್ಕೆ ಹೋದರೆ ಬಸ್ ನಿಲ್ದಾಣ. ಎಡಕ್ಕೆ ಅವನ ಮನೆ.

ಅವನು ಬಗ್ಗಿ ಅವಳ ಚೀಲ ಎತ್ತಿ ಹೆಗಲಿಗೇರಿಸಿಕೊಂಡ. ತಿರುಗಿಯೂ ನೋಡದೆ ಎಡಕ್ಕೆ ನಡೆದ.