ಬೆಳ್ಳಗಾಗದ ಚುಕ್ಕೆ

"ನೀವಾ?!"

ವೀಬ್ಕೆಯ ಕೈಯಲ್ಲಿದ್ದ ಮಾದರಿಗಳ ಡಬ್ಬಿ ಜಾರುವುದರಲ್ಲಿತ್ತು. ಬರ್ಲಿನ್‌ನ ಆ ದುಂಡನೆಯ ಪ್ರಯೋಗಾಲಯದಲ್ಲಿ, ಕ್ಷ-ಕಿರಣ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದವನು ಲೆನ್ನಾರ್ಟ್! ಒಂದು ವರ್ಷ ಕಾದು ಪಡೆದ ಈ ವಾರದಲ್ಲಿ ತನ್ನ ಪ್ರಯೋಗಕ್ಕೆ ನೆರವಾಗುವ ವಿಜ್ಞಾನಿ ಇವನೇ ಎಂದು ಯಾರೂ ಹೇಳಿರಲಿಲ್ಲ.

"ಹೋದ ವರ್ಷ 'ನೀನು' ಅಂತಿದ್ದೆ," ಎಂದ ಅವನು ಮೆಲ್ಲಗೆ.

"ಹೋದ ವರ್ಷ ನನಗೆ ಬುದ್ಧಿ ಇರ್ಲಿಲ್ಲ."

ಉಪ್ಸಾಲಾದ ಸಮ್ಮೇಳನ... ಸಂಜೆ ನದಿಯ ದಂಡೆಯಲ್ಲಿ ಅವಳ ಕೈ ಹಿಡಿದು ನಡೆದವನು, ಮರುದಿನ ಅವಳ ಉಪನ್ಯಾಸ ಮುಗಿದೊಡನೆ ತುಂಬಿದ ಸಭೆಯಲ್ಲಿ ಎದ್ದು ಕೇಳಿದ್ದ: "ಕಿರಣದ ತಿರುವು ಬದಲಿಸಿ ನೋಡಿದ್ದೀರಾ?"

ನೋಡಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕಿದ್ದರು.

ಕೂದಲಿಗಿಂತ ನೂರು ಪಟ್ಟು ಸಣ್ಣದಾದ ಲೋಹದ ಬಿಲ್ಲೆಯೊಳಗೆ ಪರಮಾಣುಗಳ ಪುಟಾಣಿ ಕಾಂತಗಳು ಸುಳಿಯಾಗಿ ಸುತ್ತಿಕೊಂಡಿರುತ್ತವೆ. ವಿದ್ಯುತ್ತಿನ ಮಿಡಿತ ತಾಗಿದೊಡನೆ ಆ ಸುಳಿಯ ನಡುಬಿಂದು ಕುಣಿಯುವುದನ್ನು ತಾನು ಸೆರೆಹಿಡಿದಿದ್ದೇನೆ ಎಂದು ಅವಳು ನಂಬಿದ್ದಳು. ಒಂದು ಕಪ್ಪು ಚುಕ್ಕೆ! ಅವಳ ಡಾಕ್ಟರೇಟ್ ನಿಂತಿದ್ದೇ ಅದರ ಮೇಲೆ. ಎಡಕ್ಕೆ ತಿರುಗುವ ಕಿರಣದಲ್ಲಿ ಕಪ್ಪಾಗಿ ಕಂಡದ್ದು ಬಲಕ್ಕೆ ತಿರುಗುವ ಕಿರಣದಲ್ಲಿ ಬೆಳ್ಳಗಾಗಬೇಕು. ಆಗದಿದ್ದರೆ ಅದು ಕಾಂತತ್ವವೇ ಅಲ್ಲ.

"ಅದೇ ಬಿಲ್ಲೆ ತಂದಿದ್ದೀನಿ. ತಿರುವು ಬದಲಿಸಿ. ಬೆಳ್ಳಗಾದ ಮೇಲೆ ನನ್ನ ಕ್ಷಮೆ ಕೇಳ್ಬೇಕು!"

"ಸಂತೋಷವಾಗಿ ಕೇಳ್ತೀನಿ."

"ನಿಮ್ಮ ಸಂತೋಷ ಯಾರಿಗೆ ಬೇಕು?"

ಪಕ್ಕದ ಯಂತ್ರದಿಂದ ಲೆನ್ನಾರ್ಟ್‌ನ ಸಹೋದ್ಯೋಗಿ ಗುಡ್ರುನ್ ಕೂಗಿದಳು: "ಏನ್ರಪ್ಪಾ, ಇಪ್ಪತ್ತು ವರ್ಷ ಸಂಸಾರ ಮಾಡಿದೋರ ಹಾಗೆ ಕಚ್ಚಾಡ್ತೀರಲ್ಲ!"

ಇಬ್ಬರೂ ನಗಲಿಲ್ಲ. ಲೆನ್ನಾರ್ಟ್ ಬಿಲ್ಲೆಯನ್ನು ಯಂತ್ರದಲ್ಲಿಟ್ಟು ಬಲಕ್ಕೆ ತಿರುಗುವ ಕಿರಣ ಹಾಯಿಸಿದ. ಪರದೆಯ ಮೇಲೆ ಚಿತ್ರ ಗೆರೆ ಗೆರೆಯಾಗಿ ಮೂಡತೊಡಗಿತು. ಬಿಲ್ಲೆಯ ಅಂಚು... ಒಳಮೈ... ನಡುಭಾಗ...

ಕಪ್ಪು.

ವೀಬ್ಕೆ ಪರದೆಯತ್ತ ಬಾಗಿದಳು. ಇಲ್ಲ... ಇಲ್ಲ! "ಇನ್ನೊಮ್ಮೆ!" ಎಂದಳು. ಲೆನ್ನಾರ್ಟ್ ಚಿತ್ರವನ್ನು ಮತ್ತೆ ತೆಗೆದ. ಮತ್ತೂ ಕಪ್ಪು! ಮಿಡಿತದ ಬಿಸಿಗೆ ಬಿಲ್ಲೆ ಅದುರಿದ ಗುರುತು, ಅಷ್ಟೇ. ಮೂರು ವರ್ಷಗಳಿಂದ ಅವಳು ಮುದ್ದು ಮಾಡುತ್ತಿದ್ದದ್ದು ಅದನ್ನೇ.

"ನಗಿ... ಈಗ ನಗಿ," ಎಂದಳು.

ಆದರೆ ಅವನ ಮುಖ ಅವಳದಕ್ಕಿಂತ ಬಿಳಿಚಿಕೊಂಡಿತ್ತು. "ಬೆಳ್ಳಗಾಗ್ಲಿ ಅಂತ ನಾನೂ ಬೇಡ್ಕೊಳ್ತಿದ್ದೆ, ವೀಬ್ಕೆ."

"ಸುಳ್ಳು! ನಿಮಗೆ ಅನುಮಾನ ಇದ್ದಿದ್ರೆ ಹಿಂದಿನ ಸಂಜೆ ನನಗೊಬ್ಬಳಿಗೇ ಹೇಳಬಹುದಿತ್ತು!"

"ಅದನ್ನ ಹೇಳೋಕೇ ನಿನ್ನ ಬಾಗಿಲು ತಟ್ಟಿದ್ದು. ನೀನು ನಗ್ತಾ ತೆಗೆದೆ... ನನ್ನ ಬಾಯಿಂದ ಬಂದದ್ದು 'ನದಿ ಕಡೆ ಹೋಗೋಣ್ವಾ' ಅಂತ. ಮಾರನೇ ದಿನ ಸಭೆಯಲ್ಲೇ ನಿಮ್ಮ ಪ್ರೊಫೆಸರ್, ಇದನ್ನ ನಾಳೆಯೇ ಪ್ರಕಟಣೆಗೆ ಕಳಿಸ್ತೀವಿ ಅಂದ್ರು. ಹೆದರಿಬಿಟ್ಟೆ. ಅಚ್ಚಾದ ಮೇಲೆ ತಪ್ಪು ಗೊತ್ತಾಗಿದ್ರೆ ನಿನ್ನ ಗತಿ?"

ವೀಬ್ಕೆಗೆ ಆಗ ನೆನಪಾಯಿತು. ಆ ಪ್ರಶ್ನೆಯ ನಂತರವೇ ಅಲ್ಲವೇ ಪ್ರೊಫೆಸರ್ ಲೇಖನವನ್ನು ತಡೆಹಿಡಿದದ್ದು? ಒಂದು ವರ್ಷ ದ್ವೇಷಿಸಿದ್ದು... ತನ್ನನ್ನು ಉಳಿಸಿದವನನ್ನೇ?

"ಹೇಡಿ ನೀನು," ಎಂದಳು ಅಳುತ್ತಾ. "ತಪ್ಪನ್ನೂ ಹೇಳ್ಲಿಲ್ಲ, ಪ್ರೀತಿನೂ ಹೇಳ್ಲಿಲ್ಲ."

"ಈಗ ಹೇಳ್ತಿದ್ದೀನಲ್ಲ. ಪ್ರೀತಿಸ್ತೀನಿ."

ಅವಳು ಪರದೆಯ ಮೇಲಿನ ಚಿತ್ರವನ್ನು ಮುಚ್ಚಿದಳು. ಆಮೇಲೆ ಕಣ್ಣೊರೆಸಿಕೊಂಡು ಡಬ್ಬಿ ತೆರೆದಳು.

"ಪ್ರೊಫೆಸರ್‌ಗೆ ನಾನೇ ಫೋನ್ ಮಾಡಿ ತಪ್ಪಾಯ್ತು ಅಂತೀನಿ. ಆಮೇಲೆ ಬೇರೆ ಬಿಲ್ಲೆ ಹಾಕೋಣ. ಈ ಸಲ ಎರಡೂ ತಿರುವು."

"ಸರಿ."

"ನನಗಿನ್ನೂ ಕೋಪ ಇದೆ, ಲೆನ್ನಾರ್ಟ್."

"ಇರ್ಲಿ," ಎಂದು ಅವನು ಅವಳ ಕೈ ಹಿಡಿದ.

"ಆದ್ರೂ... ಕೈ ಬಿಡ್ಬೇಡ."

"ಬಿಡಲ್ಲ. ಒಂದೇ ಕೈಲಿ ಯಂತ್ರ ನಡೆಸ್ತೀನಿ."