ತೋಪಿನ ಬಸದಿಯ ದೀಪದ ಸವಾಲು

"ಅದನ್ನ ಮುಟ್ಟಬ್ಯಾಡ್ರಿ!"

ಬ್ರಾಹ್ಮಿ ಕೂಗುವಷ್ಟರಲ್ಲಿ ತಡವಾಗಿತ್ತು. ದ್ರಾಕ್ಷಿ ಗೊನೆ ಕೊಯ್ಯುವ ಪುಟ್ಟ ಕತ್ತರಿ ಕಚಕ್ ಎಂದಿತು. ಎರಡು ಮರಗಳ ನಡುವೆ ಅವಳು ಕಟ್ಟಿದ್ದ ತೆಳ್ಳನೆಯ ಬಲೆ ಸೀಳಿ ಜೋತುಬಿತ್ತು. ಕತ್ತರಿ ಹಿಡಿದಿದ್ದ ಅಪರಿಚಿತ ಯುವಕನ ಅಂಗೈಯಿಂದ ಕಂದು ಬಣ್ಣದ ಸಣ್ಣ ಬಾವಲಿಯೊಂದು ಎದ್ದು, ಸಂಜೆಯ ಕೆಂಪಿನಲ್ಲಿ ಒಂದು ಸುತ್ತು ಹಾಕಿ ಮರಗಳೊಳಗೆ ಮರೆಯಾಯಿತು.

ಒಂದೇ ಕ್ಷಣ ಅದರ ಮೂಗು ಅವಳಿಗೆ ಕಂಡಿತ್ತು. ಕುದುರೆ ಲಾಳದ ಆಕಾರದ ಮೂಗು...

ಅವಳ ಕಣ್ಣು ತುಂಬಿಬಂತು. ದುಃಖಕ್ಕಿಂತ ಹೆಚ್ಚಾಗಿ ಸಿಟ್ಟಿಗೆ.

"ಯಾರ್ರಿ ನೀವು? ಕೇಳದ ಕೊಯ್ದು ಹಾಕೂದೇನ್ರಿ?"

"ಹೊಲದ ಮಾಲಕ, ಶ್ರೇಣಿಕ" ಎಂದ ಅವನು ಶಾಂತವಾಗಿ. "ಜೀವ ಸಿಕ್ಕೊಂಡಿತ್ತು, ಬಿಡಿಸಿದೆ. ಹಿಡದು ಏನ್ ಮಾಡಾವರಿದ್ರಿ, ಔಷಧಕ್ಕ ಮಾರಾವರು?"

ಅವಳು ಚೀಲದಿಂದ ಅರಣ್ಯ ಇಲಾಖೆಯ ಅನುಮತಿ ಪತ್ರ ತೆಗೆದುಕೊಟ್ಟಳು. ಅವನು ಮೊದಲ ಸಾಲಿನಿಂದ ಕೊನೆಯ ಮೊಹರಿನವರೆಗೆ ಓದಿದ. ಹಿಡಿದು, ಅಳೆದು, ಅಲ್ಲೇ ಬಿಟ್ಟುಬಿಡತಕ್ಕದ್ದು ಎಂಬ ಸಾಲನ್ನು ಎರಡು ಸಲ ಓದಿದ. ಮಡಚಿ ತಿರುಗಿ ಕೊಟ್ಟ.

"ತಪ್ಪಾತ್ರಿ ನಂದು. ಬಲಿ ಹೊಸಾದು ತರಸಿಕೊಡ್ತೀನಿ. ಆದ್ರ ಇಲ್ಲಿ ಕಟ್ಟಬ್ಯಾಡ್ರಿ... ಕಂಡ್ರ ಮತ್ತ ಕೊಯ್ತೀನಿ."

ತಪ್ಪೊಪ್ಪಿಕೊಳ್ಳುತ್ತಲೇ ಬೆದರಿಕೆ ಹಾಕುವ ಮನುಷ್ಯನನ್ನು ಬ್ರಾಹ್ಮಿ ಅದೇ ಮೊದಲು ಕಂಡದ್ದು.

ನಿಪ್ಪಾಣಿಯ ಕಿರಾಣಿ ವ್ಯಾಪಾರಿಯ ಮಗಳು ಅವಳು. ಎರಡು ವರ್ಷ ಭೀಮಗಡದ ರಕ್ಷಿತ ಕಾಡಿನಲ್ಲಿ ಬಾವಲಿಗಳ ಜಾತಿಗಳನ್ನು ಎಣಿಸಿದ್ದಳು. ಕಾಡಿನಲ್ಲಿ ಇರುವವು ಬಯಲಿನಲ್ಲಿ ಎಷ್ಟು ಉಳಿದಿವೆ ಎಂದು ನೋಡಲು ಈಗ ಅಂಕಲಿಯಲ್ಲೊಂದು ಕೋಣೆ ಹಿಡಿದಿದ್ದಳು. ಸುತ್ತ ಕಬ್ಬು, ಅಲ್ಲಲ್ಲಿ ದ್ರಾಕ್ಷಿ. ನಡುವೆ ಕೃಷ್ಣೆಯ ದಂಡೆಗೆ ಅಂಟಿಕೊಂಡಂತೆ ಈ ಮೂರೆಕರೆ ತೋಪು. ತೋಪಿನೊಳಗೆ ಊರಿಗೆ ಸೇರಿದ, ಪೂಜೆ ನಿಂತುಹೋದ ಹಳೆಯ ಬಸದಿ. ಶ್ರೇಣಿಕನ ಮನೆಯವರು ಅಲ್ಲಿ ತಲೆಮಾರುಗಳಿಂದ ಕೊಡಲಿ ಹಾಕಿರಲಿಲ್ಲ.

ಬಯಲಿನಲ್ಲಿ ಮೂರೋ ನಾಲ್ಕೋ ಜಾತಿ ಸಿಗಬಹುದೆಂದು ಅವಳ ಅಂದಾಜು. ಒಂದೇ ವಾರದಲ್ಲಿ ಇಲ್ಲಿ ಎಂಟು ಸಿಕ್ಕಿದ್ದವು. ಒಂಬತ್ತನೆಯದಂತೂ ದಟ್ಟ ಕಾಡಿನಲ್ಲಿ ಮಾತ್ರ ಅವಳಿಗೆ ಕಂಡಿದ್ದ ಲಾಳಮೂಗಿನ ಬಾವಲಿ!

ಧಾರವಾಡದಲ್ಲಿದ್ದ ಅವಳ ಸಂಶೋಧನೆಯ ಗೈಡ್ ಫೋನಿನಲ್ಲೇ ನಕ್ಕುಬಿಟ್ಟರು. ಕಣ್ಣಿನ ಅಳತೆ ನಂಬಬೇಡ, ಪುರಾವೆ ಕಳಿಸು ಎಂದರು.

ಪುರಾವೆಯನ್ನು ಹಾರಿಸಿಬಿಟ್ಟವನು ಮರುದಿನ ಬೆಳಿಗ್ಗೆ ಅವಳ ಕೋಣೆಯ ಮುಂದೆ ಬೈಕ್ ನಿಲ್ಲಿಸಿದ್ದ.

ಬಲೆಯಿಲ್ಲದೆ ಅದನ್ನು ನೋಡುವ ದಾರಿ ಇದೆಯೇ ಎಂದು ಕೇಳಿದ. ಹಗಲಲ್ಲಿ ಮಲಗುವ ಜಾಗ ಸಿಕ್ಕರೆ ಸಾಕು, ಆದರೆ ಹುಡುಕಲು ತಿಂಗಳೇ ಹಿಡಿಯಬಹುದು ಎಂದಳು ಅವಳು. ಬಸದಿಯ ಕೆಳಗೊಂದು ನೆಲಮಾಳಿಗೆ ಇದೆ ಎಂದ ಅವನು. ಸಣ್ಣವನಿದ್ದಾಗ ಅದರೊಳಗೆ ಅಡಗಿ ಕೂತು ಬೆತ್ತದ ಏಟು ತಿಂದಿದ್ದನಂತೆ.

ಇಬ್ಬರೂ ಮೊಣಕಾಲೂರಿ ಒಳಗೆ ಇಳಿದರು. ಮಂದವಾದ ಕೆಂಪು ಟಾರ್ಚಿನ ಬೆಳಕಿನಲ್ಲಿ ಚಾವಣಿ ಕಂಡಿತು. ತಲೆಕೆಳಗಾಗಿ, ರೆಕ್ಕೆಯನ್ನೇ ಮೈಗೆ ಸುತ್ತಿಕೊಂಡು, ಒಣಗಿದ ಎಲೆಗಳಂತೆ ತೂಗುತ್ತಿದ್ದ ಪುಟ್ಟ ಜೀವಗಳು. ಬ್ರಾಹ್ಮಿ ಉಸಿರು ಬಿಗಿಹಿಡಿದು ಎಣಿಸಿದಳು. ನಲವತ್ತಮೂರು. ಎಲ್ಲವಕ್ಕೂ ಲಾಳದ ಮೂಗು. ನಾಲ್ಕು ಫೋಟೋ ತೆಗೆದು, ಅವನ ತೋಳು ಹಿಡಿದು ಹೊರಗೆಳೆದಳು.

ಬಿಸಿಲಿಗೆ ಬಂದ ಮೇಲೆ ಆ ತೋಳನ್ನು ಬಿಡಲು ಮರೆತದ್ದು ಅವಳಿಗೆ ತಿಳಿಯಿತು. ಅವನಿಗೆ ಅದಕ್ಕೂ ಮೊದಲೇ ತಿಳಿದಿತ್ತು.

ಈ ಸಲ ಗೈಡ್ ನಗಲಿಲ್ಲ. ಆದರೆ, ಕಾಡಿನ ಬಾವಲಿ ಅಲ್ಲಿ ಯಾಕಿದೆ ಎಂದು ಕೇಳಿದರು.

ಯಾಕಿದೆ? ಬ್ರಾಹ್ಮಿಗೂ ಅದೇ ಕುತೂಹಲ. ಇಂಥದೇ ಮರಗಳಿರುವ, ಇಂಥದೇ ನೀರಿರುವ ನಾಲ್ಕು ತೋಪುಗಳನ್ನು ರಾಯಬಾಗದಿಂದ ಕಾಗವಾಡದವರೆಗೆ ಸುತ್ತಿ ಬಂದಳು. ಎಲ್ಲಿಯೂ ಆ ಬಾವಲಿ ಇಲ್ಲ.

ಸಂಜೆಗಳಲ್ಲಿ ಅವಳು ಬಸದಿಯ ಜಗಲಿಯ ಮೇಲೆ ಡಿಟೆಕ್ಟರ್ ಹಿಡಿದು ಕೂರುತ್ತಿದ್ದಳು. ಬಾವಲಿಯ ಕೂಗು ನಮ್ಮ ಕಿವಿಗೆ ಕೇಳುವುದಿಲ್ಲ. ಆ ಯಂತ್ರ ಅದನ್ನು ಕೇಳುವ ಸದ್ದಾಗಿಸುತ್ತದೆ. ಬೇರೆಯವು ಟಕಟಕ ಎಂದರೆ, ಲಾಳಮೂಗಿನದು ನಡುಗುವ ಒಂದು ಸಿಳ್ಳೆ. ಅದನ್ನು ಮೊದಲ ಸಲ ಕೇಳಿದಾಗ ಶ್ರೇಣಿಕ ತಿರುಗಿ ಆಕಾಶ ನೋಡಲಿಲ್ಲ, ಅವಳನ್ನೇ ನೋಡಿದ.

ಅವನ ತಾಯಿ ಮಂಗಲಾ ಹೊತ್ತು ಮುಳುಗುವ ಒಳಗೆ ರೊಟ್ಟಿ, ಝುಣಕಾ ಕಳಿಸುತ್ತಿದ್ದರು. ಹೊತ್ತು ಮುಳುಗಿದರೆ ಉಣ್ಣದ ಜೈನರ ಹುಡುಗಿ ಉಪವಾಸ ಬೀಳಬಾರದೆಂದು. ಒಂದು ದಿನ ಅವರೇ ಬುತ್ತಿ ಹೊತ್ತು ಬಂದರು. ಮರಗಳಡಿ ಆಗಲೇ ಮಬ್ಬು, ನೀವು ಹೋಗುವವರೆಗೆ ಪಂಪ್‌ಮನೆಯ ಬಲ್ಬು ಹಾಕಲೇ ಮಾವಶಿ, ಎಂದು ಬ್ರಾಹ್ಮಿ ಕೇಳಿದಳು.

"ಬ್ಯಾಡವ್ವಾ. ನಮ್ಮತ್ತಿ ಕಾಲದಿಂದ ಈ ಕಡೆ ಸಂಜೀಕ ದೀಪ ಹಚ್ಚಿಲ್ಲ. ಹುಳಾ ಬಂದು ಸುಟ್ಟು ಸಾಯ್ತಾವ."

ಬ್ರಾಹ್ಮಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಉಳಿದ ನಾಲ್ಕು ತೋಪುಗಳಲ್ಲೂ ಬೆಳಕಿತ್ತು! ಒಂದರ ಮಗ್ಗುಲಲ್ಲಿ ಡಾಂಬರು ರಸ್ತೆಯ ಕಂಬ, ಇನ್ನೊಂದರಲ್ಲಿ ಢಾಬಾ, ಮತ್ತೊಂದರಲ್ಲಿ ಗುಡಿಯ ಟ್ಯೂಬ್‌ಲೈಟ್, ನಾಲ್ಕನೆಯದರಲ್ಲಿ ಪಂಪ್‌ಮನೆಯ ಬಲ್ಬು. ಕಾಡಿನ ಕತ್ತಲೆಗೆ ಒಗ್ಗಿದ, ಮೆಲ್ಲಗೆ ಹಾರುವ ಈ ಬಾವಲಿ ಬೆಳಕಿನಲ್ಲಿ ಗೂಬೆಗೆ ಸುಲಭವಾಗಿ ಸಿಗುತ್ತದೆ. ಅದಕ್ಕೇ ಬೆಳಕಿರುವಲ್ಲಿ ಹೊರಗೇ ಬಾರದು. ಶ್ರೇಣಿಕನ ಅಜ್ಜಿ ಹುಳುಗಳ ಮೇಲಿನ ಕನಿಕರಕ್ಕೆ ಉಳಿಸಿದ ಕತ್ತಲೆಯಲ್ಲಿ ಕಾಡಿನ ಬಾವಲಿ ಬದುಕಿತ್ತು...

ಅವಳು ಇದನ್ನೆಲ್ಲ ಶ್ರೇಣಿಕನಿಗೆ ಒಂದೇ ಉಸಿರಿಗೆ ಹೇಳಿದಳು. ಈಗ ಮರಿ ಹಾಕುವ ಕಾಲ. ನೆಲಮಾಳಿಗೆಯ ಬಾಯಿಗೆ ಬೆಳಕು ಬಿದ್ದರೆ ತಾಯಿ ಬಾವಲಿಗಳು ಹೊರಬರಲು ಅಂಜಿ ಉಪವಾಸ ಬೀಳುತ್ತವೆ, ಮರಿಗಳು ಸಾಯುತ್ತವೆ ಎಂದೂ ಹೇಳಿದಳು.

ಅವನ ಮುಖ ಯಾಕೋ ಸಣ್ಣದಾಯಿತು. ನಾಳೆ ಬರುತ್ತೇನೆ ಎಂದು ಎದ್ದು ಹೋದವನು ಐದು ದಿನ ಬರಲಿಲ್ಲ.

ಆರನೆಯ ದಿನ ಅಂಕಲಿಯ ಅಂಗಡಿಯೊಂದರಲ್ಲಿ ಅವಳ ಕೈಗೆ ಕರಪತ್ರ ಬಂತು. ತೋಪಿನ ಬಸದಿಯಲ್ಲಿ ಮತ್ತೆ ಪೂಜೆ. ರಸ್ತೆಯವರೆಗೂ ಕಾಣುವಂತೆ ನಾಲ್ಕು ಫೋಕಸ್ ಲೈಟು. ಕಮಿಟಿ ಅಧ್ಯಕ್ಷ ಜಿನ್ನಪ್ಪ, ಶ್ರೇಣಿಕನ ಕಾಕಾ. ಪೂಜೆಯ ಒಂದೊಂದು ಸೇವೆಯನ್ನೂ ಹರಾಜಿನಂತೆ ಕೂಗಿ, ಹೆಚ್ಚು ಕೂಗಿದವರಿಗೆ ಕೊಡುವುದು ಅಲ್ಲಿಯ ವಾಡಿಕೆ, ಸವಾಲು ಎನ್ನುತ್ತಾರೆ. ಕೆಳಗೆ ಪಟ್ಟಿ ಇತ್ತು.

'ಒಂದು ವರ್ಷದ ದೀಪದ ಸವಾಲು: ಶ್ರೇಣಿಕ ಬಾಹುಬಲಿ ಮಗದುಮ್ಮ.'

ಅವಳು ಮೂರು ಸಲ ಓದಿದಳು.

ಎಲ್ಲ ಗೊತ್ತಿದ್ದವನು... ನನ್ನ ಪಕ್ಕದಲ್ಲೇ ಕೂತು ಆ ಸಿಳ್ಳೆ ಕೇಳಿದವನು... ಅವನೇ ದುಡ್ಡು ಸುರಿದು ಬೆಳಕು ಹಾಕಿಸುತ್ತಾನೆಯೇ? ಬಲೆ ಕೊಯ್ದ ಕರುಣೆಯೆಲ್ಲ ಯಾರ ಮುಂದಿನ ನಾಟಕ?

ಅಂದು ಅವನು ಮೂರು ಸಲ ಫೋನ್ ಮಾಡಿದ. ಅವಳು ಎತ್ತಲಿಲ್ಲ. ನಾಲ್ಕನೆಯ ಸಲಕ್ಕೆ ಅವನ ನಂಬರನ್ನೇ ತಡೆದಳು. ಆಮೇಲೆ ಗೋಡೆಗೆ ತಲೆಯಾನಿಸಿ, ನೋವು ಬಾವಲಿಗಳಿಗಾಗಿಯೋ ತನಗಾಗಿಯೋ ಎಂದು ಕೇಳಿಕೊಂಡಳು. ಉತ್ತರ ಗೊತ್ತಿತ್ತು. ಅದು ಗೊತ್ತಾದದ್ದಕ್ಕೇ ಇನ್ನಷ್ಟು ಅತ್ತಳು.

ಪೂಜೆಯ ದಿನ ಕೊನೆಯ ಸಲ ಸದ್ದು ದಾಖಲಿಸಿಕೊಂಡು ಊರಿಗೆ ಹೋಗುವುದೆಂದು ತೀರ್ಮಾನಿಸಿದಳು. ಪೆಂಡಾಲಿನ ಹಿಂದೆ, ಯಾರ ಕಣ್ಣಿಗೂ ಬೀಳದಂತೆ ನಿಂತಳು.

ಸವಾಲು ಶ್ರೇಣಿಕನದಾದರೂ ಅವನು ಕೂತಿರಲಿಲ್ಲ. ಆ ಸೇವೆಗೆ ಇಂದ್ರ-ಇಂದ್ರಾಣಿಯರಾಗಿ ಗಂಡ ಹೆಂಡತಿ ಜೋಡಿಯೇ ಕೂರಬೇಕು. ಅವನ ಪರವಾಗಿ ತಂದೆ ಬಾಹುಬಲಿ, ತಾಯಿ ಮಂಗಲಾ ಜರತಾರಿ ಕಿರೀಟ ತೊಟ್ಟು ಕೂತಿದ್ದರು. ಹಿಂದೆ ಶ್ರೇಣಿಕ ಕೈಕಟ್ಟಿ ನಿಂತಿದ್ದ. ಸೊರಗಿದ್ದ.

ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆಯಿತ್ತು. ಮಂಗಲಾ ತುಪ್ಪದ ದೀಪ ಹಚ್ಚಿ ಆರತಿ ಎತ್ತಿದರು. ಜಿನ್ನಪ್ಪ ರಿಬ್ಬನ್ ಕಟ್ಟಿದ್ದ ಸ್ವಿಚ್ ಬೋರ್ಡಿನ ಕಡೆ ಕೈ ತೋರಿಸಿದರು.

"ಒತ್ತಪಾ ಶ್ರೇಣಿಕ. ಮಂದಿ ಕಾಯಾಕತ್ತೈತಿ."

"ದೀಪ ಹಚ್ಚೇವಲ್ಲ ಕಾಕಾ."

"ಅದಲ್ಲಲೇ, ಲೈಟು."

"ವರ್ಷದ ದೀಪದ ಸವಾಲು ನಂದೈತಿ. ಯಾವ ದೀಪ, ಎಷ್ಟೊತ್ತು ಅನ್ನೂದು ಸವಾಲು ಹಿಡದಾವಗ ಬಿಟ್ಟಿದ್ದು, ಹಿಂದಿನಿಂದ ಹಂಗ ನಡದೈತಿ. ದಿನಾ ಇದೊಂದು ತುಪ್ಪದ ದೀಪ. ಹೊತ್ತು ಮುಳಗೂದರಾಗ ಶಾಂತ ಮಾಡತೀವಿ."

ಪೆಂಡಾಲಿನಲ್ಲಿ ಗುಸುಗುಸು ಎದ್ದಿತು. ಜಿನ್ನಪ್ಪನವರ ಮುಖ ಕೆಂಪಾಯಿತು. ತಂದ ಲೈಟುಗಳನ್ನು ಏನು ಮಾಡುವುದು, ಊರ ಮುಂದೆ ತನ್ನ ಮರ್ಯಾದೆ ಏನಾಯಿತು ಎಂದು ಏರುದನಿಯಲ್ಲಿ ಶುರುಮಾಡಿದರು. ಆಗ ಮಂಗಲಾ ಜಾರುತ್ತಿದ್ದ ಕಿರೀಟವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಮೈದುನನ ಕಡೆ ತಿರುಗಿದರು.

"ಜಿನ್ನಪ್ಪಾ, ಹುಳಾ ಸುಟ್ಟು ಪೂಜಿ ಮಾಡ್ರಿ ಅಂತ ಯಾವ ಮುನಿಗಳು ಹೇಳ್ಯಾರ?"

ಹಿರಿಯರೊಬ್ಬರು ಮೆಲ್ಲಗೆ ಹೌದೆಂದು ತಲೆಯಾಡಿಸಿದರು. ಜಿನ್ನಪ್ಪ ಟೋಪಿ ಸರಿಮಾಡಿಕೊಂಡು, ಹಾಗಾದರೆ ಊಟಕ್ಕೆ ಏಳಿ, ಹೊತ್ತು ಮುಳುಗುತ್ತದೆ ಎಂದುಬಿಟ್ಟರು.

ಬ್ರಾಹ್ಮಿ ಪೆಂಡಾಲಿನ ಹಿಂದೆಯೇ ಕಾದು ನಿಂತಳು.

ಮಂದಿ ಊಟದ ಪೆಂಡಾಲಿಗೆ ಹೋದ ಮೇಲೆ ದೀಪ ಶಾಂತವಾಯಿತು. ಅವಳು ಬಸದಿಯ ಜಗಲಿಗೆ ಬಂದಳು. ಅವನು ಅಲ್ಲೇ ಇದ್ದ.

"ನನಗ ಯಾಕ ಹೇಳಲಿಲ್ರಿ?"

"ಮೊದಲ ಬಾಯಿ ಬಿಟ್ಟಿದ್ರ ಕಾಕಾ ಸವಾಲಿನಾಗ ನಿಲ್ಲಾಕ ಬಿಡತಿರಲಿಲ್ಲ. ಗೆದ್ದು, ಕರಪತ್ರದಾಗ ಹೆಸರು ಬಂದಮ್ಯಾಲ ಫೋನ್ ಮಾಡಿದೆ..." ಅವನು ತಲೆ ತಗ್ಗಿಸಿದ. "ಲೈಟಿನ ಸುದ್ದಿ ನನಗ ಆವಾಗ್ಲೇ ಗೊತ್ತಿತ್ರಿ. ನೀವು ಮರಿಗಳ ಮಾತು ತಗದ ದಿನ ನಿಮ್ಮ ಮಾರಿ ನೋಡಿ ಹೇಳಾಕ ಧೈರ್ಯ ಆಗಲಿಲ್ಲ."

"ನಾ ನಿಮ್ಮ ಬಗ್ಗೆ ಏನೇನ್ ತಿಳಕೊಂಡೆ ಗೊತ್ತೇನ್ರಿ?"

"ನಾನೂ ನಿಮ್ಮನ್ನ ಬಾವಲಿ ಮಾರಾವರು ಅಂತ ತಿಳಕೊಂಡಿದ್ದೆ. ಸಮ ಆತು."

ಅವಳು ಅಳುತ್ತಲೇ ನಕ್ಕಳು. ಡಿಟೆಕ್ಟರ್ ಆನ್ ಮಾಡಿ ಇಬ್ಬರ ನಡುವೆ ಇಟ್ಟಳು. ಆಕಾಶದ ಕೆಂಪು ಆರುತ್ತಿತ್ತು. ಒಂದು ಸಿಳ್ಳೆ ಕೇಳಿತು. ಮತ್ತೊಂದು. ಆಮೇಲೆ ಎಣಿಸಲಾಗದಷ್ಟು. ನೆಲಮಾಳಿಗೆಯ ಬಾಯಿಂದ ತಾಯಿ ಬಾವಲಿಗಳು ಒಂದೊಂದಾಗಿ ತೋಪಿನ ಕತ್ತಲೆಗೆ ತೇಲಿಹೋದವು.

"ಒಂದ ವರ್ಷದ ಸವಾಲ್ರಿ ಇದು" ಎಂದ ಶ್ರೇಣಿಕ. "ಮುಂದಿನ ವರ್ಷ ಮತ್ತ ಹಿಡೀಬೇಕು. ಅವ್ವ ಇನ್ನೊಮ್ಮೆ ಕಿರೀಟ ಹಾಕೋದಿಲ್ಲ ಅಂದಾಳ, ತಲಿ ನೋಯ್ತೈತಂತ. ಜೋಡಿ ಇಲ್ಲದಾವಗ ಕುಂದ್ರಾಕ ಬಿಡೂದಿಲ್ಲ..."

ಅವನು ನಿಲ್ಲಿಸಿದ. ಅವಳ ಕಡೆ ತಿರುಗಿದ.

"ನೀವು ಕುಂದರತೀರೇನ್ರಿ, ನನ್ನ ಜೋಡಿ?"

ಅವಳು ತಲೆಯ ಮೇಲೆ ಹಾದುಹೋದ ಕೊನೆಯ ಬಾವಲಿಯನ್ನು ನೋಡಿದಳು. ಆಮೇಲೆ ಜಗಲಿಯ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಈ ಸಲ ಮರೆತಲ್ಲ.

"ಒಂದ ವರ್ಷ ನೋಡಿ ಏನೂ ಹೇಳಾಕ ಬರೂದಿಲ್ರಿ ನಮ್ಮ ಬಾವಲಿ ವಿಷಯದಾಗ."

"ಎಷ್ಟು ವರ್ಷ ಬೇಕ್ರಿ?"

"ಈ ಜಾತಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದಕತೈತಿ ಅಂತಾರ."

"ಆಮ್ಯಾಲ?"

"ಅದರ ಮರಿಗಳನ್ನ ನೋಡಬೇಕಲ್ಲ" ಎಂದಳು ಬ್ರಾಹ್ಮಿ.